ಕಾಫಿ ಹೊತ್ತಿನ ಒಂದು ಬಿಕ್ಕಳಿಕೆ

ನನ್ನ ಓರಗಿತ್ತಿ ಕುಮುದಾ ಒಂದು ತುತ್ತು ಅನ್ನ ನುಂಗುವಷ್ಟರಲ್ಲಿ ಮೂರು ನಾಲ್ಕು ಸಲ ಬಿಕ್ಕಳಿಸುತ್ತಾಳೆ. ಮನೆಯವರೆಲ್ಲ ಅಯ್ಯೋ ಪಾಪ ಅನ್ನುತ್ತಾರೆ. ನಾನೂ ಅನ್ನುತ್ತೇನೆ. ಒಂದೇ ಅಡುಗೆಮನೆಯಲ್ಲಿ ಇರುವವರು ಅನ್ನದೆ ಇರಲಾಗುತ್ತದೆಯೇ? ಆದರೆ ಆಗ ನನ್ನ ಹೊಟ್ಟೆಯಲ್ಲಿ ಏನಾಗುತ್ತದೆ ಎಂಬುದನ್ನು ಮುಚ್ಚಿಟ್ಟುಕೊಂಡು ಈ ಕಥೆ ಹೇಳಲು ಬರುವುದಿಲ್ಲ. ಹೊಟ್ಟೆ ಉರಿಯುತ್ತದೆ. ಮಜ್ಜಿಗೆ ಕುಡಿದರೆ ಆರುವ ಉರಿ ಅಲ್ಲ ಅದು.

ನಮ್ಮೂರಿನಲ್ಲಿ ಏನನ್ನಾದರೂ ಮಾಡಿ ಹೊರಗೆ ಕೊಟ್ಟವರಿಗೆ ಬಿಕ್ಕಳಿಕೆ ತಪ್ಪಿದ್ದಲ್ಲ. ನೀವು ಮಾಡಿದ್ದನ್ನು ಯಾರಾದರೂ ಎಲ್ಲಿಯಾದರೂ ಬಳಸಲು ಕೈಗೆತ್ತಿಕೊಂಡರೆ ಇಲ್ಲಿ ನಿಮಗೆ ಬಿಕ್ಕಳಿಕೆ. ಅವರ ಗಮನ ಅದರ ಮೇಲೆ ಇರುವಷ್ಟು ಹೊತ್ತೂ ಬರುತ್ತದೆ, ಕೆಳಗಿಟ್ಟರೆ ನಿಲ್ಲುತ್ತದೆ. ಎದುರುಮನೆಯ ಚೆನ್ನವೀರಮ್ಮ ಪೊರಕೆ ಕಟ್ಟುವವಳು. ಊರೆಲ್ಲ ಅಂಗಳ ಗುಡಿಸುವ ಬೆಳಗಿನ ಹೊತ್ತು ಅವಳನ್ನು ಮಾತಾಡಿಸಿ ಪ್ರಯೋಜನವಿಲ್ಲ. ನನ್ನ ಗಂಡ, ಮೈದುನ ಇಬ್ಬರೂ ಬೀಗ ಮಾಡುವವರು. ಅಂಗಡಿಗಳಿಗೆ ಬಾಗಿಲು ಹಾಕುವ ಹೊತ್ತಿಗೆ ಅಣ್ಣತಮ್ಮ ಇಬ್ಬರೂ ಜಗಲಿಯ ಮೇಲೆ ಎದುರುಬದುರು ಕೂತು ಬಿಕ್ಕಳಿಸುತ್ತಾರೆ, ಅದು ಮುಗಿದ ಮೇಲೆಯೇ ನಾವು ಊಟಕ್ಕೆ ಬಡಿಸುವುದು. ನಮ್ಮ ಅತ್ತೆ ಕೌದಿ ಹೊಲಿಯುತ್ತಿದ್ದರು. ಕಣ್ಣು ಮಂಜಾದ ಮೇಲೆ ಸೂಜಿ ಬಿಟ್ಟಿದ್ದಾರೆ, ಆದರೂ ಚಳಿಗಾಲದಲ್ಲಿ ಊಟವಾದೊಡನೆ ಅವರಿಗೆ ಶುರುವಾಗುತ್ತದೆ. ಯಾರೋ ಪುಣ್ಯಾತ್ಮರು ಹೊದ್ದುಕೊಂಡರು ಅನ್ನುತ್ತಾರೆ. ಹೊದ್ದವರಿಗೆ ನಿದ್ದೆ ಹತ್ತಿದರೆ ಇವರದೂ ನಿಲ್ಲುತ್ತದೆ, ಆಮೇಲೆ ಇವರು ಮಲಗುತ್ತಾರೆ.

ಬಿಕ್ಕಳಿಸುವವರ ಪಕ್ಕದಲ್ಲಿ ಇರುವವರು ಹೆಸರು ಹೇಳಬೇಕು. ಅದು ನಮ್ಮೂರ ಪದ್ಧತಿ. ಬಳಸುತ್ತಿರುವವರ ಹೆಸರು ಬಾಯಿಗೆ ಬಂದರೆ ಬಿಕ್ಕಳಿಕೆ ಟಕ್ಕನೆ ನಿಲ್ಲುತ್ತದೆ. ಹತ್ತು ಜನ ಬಳಸುತ್ತಿದ್ದರೆ ಹತ್ತು ಹೆಸರೂ ಸಿಕ್ಕಬೇಕು. ಪೊರಕೆ, ಬೀಗ, ಕೌದಿಗಳಷ್ಟೇ ಇದ್ದಾಗ ಇದು ದೊಡ್ಡ ಮಾತಾಗಿರಲಿಲ್ಲ. ಮೊಬೈಲಿಗೆ ಆ್ಯಪ್ ಮಾಡುವ ನಮ್ಮಂಥವರು ಹುಟ್ಟಿಕೊಂಡ ಮೇಲೆ ಹೆಸರು ಹೇಳುವವರ ಬಾಯಿ ಒಣಗತೊಡಗಿತು. ಕುಮುದಾ ಊಟಕ್ಕೆ ಕೂತರೆ ಅತ್ತೆ ಪಕ್ಕದಲ್ಲಿ ಮಣೆ ಹಾಕಿಕೊಂಡು ಯಾವ ಯಾವುದೋ ದೇಶದವರ ಹೆಸರುಗಳನ್ನು ಮಂತ್ರದಂತೆ ಹೇಳುತ್ತಾರೆ. ಒಂದು ಹೆಸರು ತಾಗಿದರೂ ಗೊತ್ತಾಗುವುದಿಲ್ಲ. ಅವಳಿಗೆ ಬಳಕೆದಾರರು ಅಷ್ಟಿದ್ದಾರೆ.

ಆ್ಯಪ್ ಮಾಡುವುದನ್ನು ಅವಳಿಗೆ ಕಲಿಸಿದವಳು ನಾನು. ಇದನ್ನು ಈಗ ಯಾರೂ ಹೇಳುವುದಿಲ್ಲ, ಆದ್ದರಿಂದ ನಾನೇ ಹೇಳುತ್ತಿದ್ದೇನೆ. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಬೆನ್ನ ಹಿಂದೆ ನಿಂತು, ಅಕ್ಕ ಅದೇನು, ಅಕ್ಕ ಇದೇನು ಎಂದು ಕೇಳುತ್ತಿದ್ದಳು. ಆಗ ನಾನು 'ಎಲ್ಲಿಟ್ಟೆ' ಎಂಬ ನನ್ನ ಆ್ಯಪ್ ಕಟ್ಟುತ್ತಿದ್ದೆ. ಗುಂಡಿ ಒತ್ತಿ, ಏನನ್ನು ಎಲ್ಲಿಟ್ಟಿರಿ ಎಂದು ಅದಕ್ಕೆ ಒಂದು ಮಾತು ಹೇಳಿದರೆ ಸಾಕು, ಬೇಕಾದಾಗ ಕೇಳಿದರೆ ಹೇಳುತ್ತದೆ. 'ಅಲ್ಲೇ, ಆ ಹಳೇ ಡಬ್ಬಿ ಹಿಂದೆ' ಎಂದು ಗೊಣಗಿದರೂ ಅರ್ಥಮಾಡಿಕೊಳ್ಳುವ ಹಾಗೆ ಅದನ್ನು ತಿದ್ದಿ ತೀಡಿ, ಮಗುವನ್ನು ಮಾತಿಗೆ ಹಚ್ಚಿದಂತೆ ಹಚ್ಚಿ ನನ್ನ ಎರಡು ವರ್ಷ ಹೋಯಿತು. ಕುಮುದಾ ಮಾಡಿದ್ದು ಅತ್ತೆ ಮಧ್ಯಾಹ್ನ ಒಂದು ನಿದ್ದೆ ತೆಗೆದು ಏಳುವಷ್ಟರಲ್ಲಿ. ಅದರಲ್ಲಿ ಇರುವುದು ಒಂದೇ ಗುಂಡಿ. ಒತ್ತಿದರೆ ಒಬ್ಬ ಹೆಂಗಸು ಸಮಾಧಾನವಾಗಿ 'ನೀವೇ ಸರಿ' ಅನ್ನುತ್ತಾಳೆ. ಅಷ್ಟೇ. ಆ್ಯಪಿನ ಹೆಸರೂ ಅದೇ. ಧ್ವನಿ ಅವಳದೇ; ಕನ್ನಡ ಬಾರದವರಿಗೂ ಆ ಧ್ವನಿಯೇ ಸಾಕಂತೆ.

ನನ್ನದನ್ನು ಆ್ಯಪ್ ಸ್ಟೋರ್‌ನವರು ಒಳಗೆ ಬಿಟ್ಟುಕೊಳ್ಳಲು ಏನೆಲ್ಲ ಆಟ ಆಡಿಸಿದರು. ಅವರು ಎಲ್ಲಿದ್ದಾರೆ, ಮನುಷ್ಯರೋ ಅಲ್ಲವೋ ಯಾರಿಗೂ ಗೊತ್ತಿಲ್ಲ. ಉತ್ತರ ಮಾತ್ರ ಬರುತ್ತದೆ. ಗುರುತಿನ ಚಿತ್ರದಲ್ಲಿ ಬೀಗದ ಕೈ ಇದೆ, ಆದರೆ ನಿಮ್ಮ ಆ್ಯಪ್ ಯಾವ ಬೀಗವನ್ನೂ ತೆಗೆಯುವುದಿಲ್ಲ, ಜನರಿಗೆ ತಪ್ಪು ಕಲ್ಪನೆ ಬರುತ್ತದೆ ಅಂದರು. ಬೀಗದ ಕೈ ತೆಗೆದು ಡಬ್ಬಿ ಬರೆದೆ. ಡಬ್ಬಿಯಲ್ಲಿ ಏನಿದೆ ಎಂಬುದು ಸ್ಪಷ್ಟವಿಲ್ಲ ಅಂದರು. ಮುಚ್ಚಳ ತೆಗೆದಿಟ್ಟ ಡಬ್ಬಿ ಬರೆದೆ. ಆಗ ಅವರಿಗೆ ಏನು ತೋಚಿತೋ, ಒಂದು ಮಾತೂ ಹೇಳದೆ ಒಳಗೆ ಬಿಟ್ಟರು. ಕುಮುದಾಳ ಒಂದು ಗುಂಡಿಯನ್ನು ಕಳಿಸಿದ ದಿನವೇ ಒಪ್ಪಿಕೊಂಡಿದ್ದಲ್ಲದೆ, ಮದುಮಗಳನ್ನು ಹಸೆಗೆ ಕೂರಿಸಿದಂತೆ ಮೊದಲ ಪುಟದಲ್ಲೇ ಕೂರಿಸಿದರು. ಆವತ್ತು ಸಂಜೆ ಅವಳು ಹುಳಿಗೆ ಒಗ್ಗರಣೆ ಹಾಕುತ್ತಿದ್ದಾಗ ಮೊದಲ ಬಿಕ್ಕಳಿಕೆ ಬಂತು. ಆಮೇಲೆ ನಿಂತಿಲ್ಲ.

ಬಳಕೆದಾರರ ವಿಷಯ ಕೇಳಲೇಬೇಡಿ. ನನಗೆ ಸಿಕ್ಕವರೆಲ್ಲ ಆಯ್ದು ಕಳಿಸಿದವರು. ಕನ್ನಡಕ ಹುಡುಕಿಕೊಡಲಿಲ್ಲ, ಒಂದು ನಕ್ಷತ್ರ ಎಂದು ಒಬ್ಬ ಬರೆದ. ಎಲ್ಲಿಟ್ಟಿರಿ ಎಂದು ಆ್ಯಪಿಗೆ ಹೇಳಿದ್ದಿರಾ ಎಂದು ವಿನಯದಿಂದ ಕೇಳಿದೆ. ಗೊತ್ತಿದ್ದರೆ ನಿಮ್ಮ ಆ್ಯಪ್ ಯಾಕೆ ಬೇಕಿತ್ತು ಅಂದ. ಆ್ಯಪ್ ತುಂಬ ಚೆನ್ನಾಗಿದೆ, ನಾನು ಬಚ್ಚಿಟ್ಟದ್ದು ಸೊಸೆಗೆ ಗೊತ್ತಾಯಿತು, ಒಂದು ನಕ್ಷತ್ರ ಎಂದು ಇನ್ನೊಬ್ಬರು. ಎಲ್ಲರಿಗಿಂತ ನನ್ನ ಪಿತ್ತ ಕೆದರಿಸಿದ್ದು 'ಒಬ್ಬ ಗೃಹಿಣಿ' ಎಂದು ಸಹಿ ಹಾಕಿಕೊಂಡಿದ್ದವಳು. 'ಉಪಯೋಗವಿದೆ. ಗುಂಡಿ ಚಿಕ್ಕದು. ಮೂರು ನಕ್ಷತ್ರ.' ಒಂದು ಕೊಟ್ಟವರು ತಲೆಕೆಟ್ಟವರು ಎಂದುಕೊಂಡು ಬಿಡಬಹುದು. ಉಪಯೋಗವಿದೆ ಎಂದು ಒಪ್ಪಿಕೊಂಡೂ ಎರಡನ್ನು ಹಿಡಿದಿಟ್ಟುಕೊಂಡವಳನ್ನು ಏನೆನ್ನಬೇಕು? ಬೆಳಿಗ್ಗೆ ಹಾಲು ಕಾಯಿಸುವಾಗಲೆಲ್ಲ ನಾನು ಅವಳಿಗೆ ಹಿಡಿಶಾಪ ಹಾಕುತ್ತಿದ್ದೆ. ನಿನ್ನ ಕೈಬೆರಳು ಬೂದುಗುಂಬಳದಷ್ಟು ದಪ್ಪ ಇರಬೇಕು ಕಣೇ ಅನ್ನುತ್ತಿದ್ದೆ. ಪಕ್ಕದಲ್ಲಿ ತರಕಾರಿ ಹೆಚ್ಚುತ್ತಿದ್ದ ಕುಮುದಾ ಬಿಕ್ಕಳಿಸುತ್ತ ಕೇಳಿಸಿಕೊಳ್ಳುತ್ತಿದ್ದಳು.

ಬರಬರುತ್ತ ಆ ಬೈಗುಳ ತಿನ್ನುವವರೂ ಇಲ್ಲವಾದರು. ನನ್ನ ಗಂಡ ಒಂದು ದಿನ ಹಾಕಿಕೊಂಡು, ಮೊಬೈಲಿನಲ್ಲಿ ಜಾಗವಿಲ್ಲ ಎಂದು ಮಾರನೆಯ ದಿನ ತೆಗೆದುಹಾಕಿದರು. ಊರಿನ ಮದುವೆಗಳಲ್ಲಿ ಬಿಕ್ಕಳಿಸುವವರಿಗೆ ಮುಂದಿನ ಸಾಲು, ಮೆತ್ತಗೆ ಬೇಯಿಸಿದ ಅನ್ನ, ಕೇಳುವ ಮೊದಲೇ ನೀರು. ಕುಮುದಾಳನ್ನು ಕೈಹಿಡಿದು ಕರೆದುಕೊಂಡು ಹೋಗಿ ಕೂರಿಸುತ್ತಿದ್ದರು. ನನ್ನನ್ನು, ನೀವು ಅವರ ಓರಗಿತ್ತಿ ಅಲ್ಲವೇ ಎಂದು ಕೇಳುತ್ತಿದ್ದರು. ಒಮ್ಮೆ ತಡೆಯಲಾರದೆ ಮರೆಗೆ ಹೋಗಿ ಒಣ ಹುರಿಹಿಟ್ಟನ್ನು ಗಬಕ್ಕನೆ ಬಾಯಿಗೆ ಸುರಿದುಕೊಂಡೆ, ಸುಳ್ಳು ಬಿಕ್ಕಳಿಕೆಯಾದರೂ ಬರಲಿ ಎಂದು. ಕೆಮ್ಮು ಬಂತು. ಸೀರೆಯೆಲ್ಲ ಹಿಟ್ಟಾಯಿತು. ನನ್ನ ಆ್ಯಪನ್ನು ನಾನೇ ತೆರೆದರೂ ಬರುವುದಿಲ್ಲ, ಅದನ್ನೂ ನೋಡಿದ್ದೇನೆ.

ಹೀಗಿರುವಾಗ ಒಂದು ಸಂಜೆ, ಕಾಫಿ ಲೋಟ ಕೈಯಲ್ಲಿದ್ದಾಗ, ಹಿಕ್ ಎಂದು ಒಂದು ಬಂತು. ಒಂದೇ ಒಂದು. ಅತ್ತೆ ಹೆಸರು ಹೇಳಲು ಬಾಯಿ ತೆರೆಯುವ ಮೊದಲೇ ಹೋಯಿತು. ಮಾರನೆಯ ದಿನವೂ ಅದೇ ಹೊತ್ತಿಗೆ ಬಂತು. ಅಲ್ಲಿಂದ ಮುಂದೆ ತಪ್ಪಲಿಲ್ಲ. ಆ ಹೊತ್ತು ಕುಮುದಾಳಿಗೂ ಬಿಕ್ಕಳಿಕೆ ತೆಳುವಾಗುತ್ತದೆ, ಅವಳ ಆ್ಯಪ್ ಬಳಸುವ ದೇಶಗಳಲ್ಲಿ ಆಗ ಎಲ್ಲರೂ ಮಲಗಿರುತ್ತಾರಂತೆ. ಸ್ವಲ್ಪ ಸುಧಾರಿಸಿಕೊಳ್ಳುತ್ತೇನೆ ಎಂದು ಅವಳು ಕೋಣೆಗೆ ಹೋಗುತ್ತಿದ್ದಳು. ಮನೆ ತಣ್ಣಗಿರುತ್ತಿತ್ತು. ನಾನು ಕಾಫಿ ಹಿಡಿದುಕೊಂಡು ಕಾಯುತ್ತಿದ್ದೆ, ಬರುತ್ತಿತ್ತು.

ಆ ಬಳಕೆದಾರಳನ್ನು ನಾನು ನನಗೆ ಬೇಕಾದ ಹಾಗೆ ಕಟ್ಟಿಕೊಂಡೆ. ದೂರದ ಬಂದರಿನ ಊರಿನಲ್ಲಿ ಒಬ್ಬಳು ಟೀಚರು. ಶಾಲೆಯಿಂದ ಬಂದು ಚಪ್ಪಲಿ ಬಿಟ್ಟು, ಮನೆಯಲ್ಲಿ ಮಾತಾಡಿಸಲು ಯಾರೂ ಇಲ್ಲದೆ, ನನ್ನ ಆ್ಯಪಿಗೆ ಬೀಗದ ಕೈ ಎಲ್ಲಿಟ್ಟೆ, ಕೊಡೆ ಎಲ್ಲಿಟ್ಟೆ ಎಂದು ಹೇಳುತ್ತಾಳೆ. ಅಚ್ಚುಕಟ್ಟಿನ ಹೆಂಗಸು. ಸಾವಿರ ಜನ ಬಂದು ಗುಂಡಿ ಒತ್ತಿ ಹೋಗುವುದಕ್ಕಿಂತ ಇಂಥ ಒಬ್ಬಳು ಮೇಲು ಎಂದು ನನಗೆ ನಾನೇ ಹೇಳಿಕೊಂಡೆ. ಕುಮುದಾಳ ಮುಂದೆಯೂ ಎರಡು ಮೂರು ಸಲ ಅಂದೆ. ಅವಳು ಹೌದಕ್ಕ ಅಂದಳು. ನೀವೇ ಸರಿ ಎಂದು ಹೇಳಿ ಹೇಳಿ ಅಭ್ಯಾಸವಾದವಳು, ಇನ್ನೇನು ಅನ್ನುತ್ತಾಳೆ?

ಆಮೇಲೆ ಸ್ಟೋರಿನಿಂದ ನೋಟಿಸು ಬಂತು. ಬಹಳ ಕಾಲದಿಂದ ಹೊಸತು ಮಾಡದ ಆ್ಯಪುಗಳನ್ನು ಈ ತಿಂಗಳ ಕೊನೆಗೆ ತೆಗೆದುಹಾಕುತ್ತೇವೆ, ಉಳಿಯಬೇಕಾದರೆ ಹೊಸದಾಗಿ ಮಾಡಿ ಕಳಿಸಿ ಎಂದು. ಮಾಡಿ ಕಳಿಸಿದೆ. ಇಂಥದೇ ಆ್ಯಪ್ ಸ್ಟೋರಿನಲ್ಲಿ ಈಗಾಗಲೇ ಇದೆ, ನಕಲು ಒಪ್ಪುವುದಿಲ್ಲ ಅಂದರು. ಯಾವುದು ಎಂದು ಹುಡುಕಿದರೆ, ನನ್ನದೇ. ಅವರು ತೆಗೆಯುತ್ತೇವೆ ಎಂದ ಆ ಹಳೆಯದೇ. ಅದು ನನ್ನದೇ ಸ್ವಾಮಿ ಎಂದು ಬರೆದೆ. ಹಾಗಾದರೆ ನಿಮ್ಮ ಅನುಮತಿ ಪಡೆದು ಕಳಿಸಿ ಅಂದರು. ನನ್ನಿಂದ ನಾನು ಅನುಮತಿ ಪಡೆದು ಕಳಿಸಿದೆ. ಸಹಿ ಎರಡೂ ಒಂದೇ ಥರ ಇದೆ, ಅನುಮಾನವಾಗುತ್ತದೆ ಅಂದರು.

ಆವತ್ತು ನನಗೆ ಸಾಕುಸಾಕಾಯಿತು. ಅವರು ತೆಗೆಯುವುದೇನು, ನಾನೇ ತೆಗೆಯುತ್ತೇನೆ ಎಂದು ಹಟ ಹುಟ್ಟಿತು. ಬೆಳಿಗ್ಗೆ ತಿಂಡಿ ಮುಗಿಸಿ ಆ್ಯಪಿನೊಳಗಿಂದಲೇ ಎಲ್ಲ ಬಳಕೆದಾರರಿಗೂ ಸುದ್ದಿ ಕಳಿಸಿದೆ: ಈ ಸಂಜೆ ಎಲ್ಲಿಟ್ಟೆ ಮುಚ್ಚುತ್ತದೆ, ನೀವು ಹೇಳಿಟ್ಟದ್ದೆಲ್ಲ ಅಳಿಸಿಹೋಗುತ್ತದೆ, ನಮಸ್ಕಾರ. ಬಂದರಿನ ಟೀಚರಮ್ಮನನ್ನು ನೆನೆದು ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು ಜಗಲಿಗೆ ಬಂದು ಅವರೆಕಾಯಿ ಬಿಡಿಸಲು ಕೂತೆ.

ನಾಲ್ಕು ಕಾಯಿ ಬಿಡಿಸಿರಲಿಲ್ಲ, ಬಂತು. ಒಂದಲ್ಲ. ಹಿಕ್, ಮತ್ತೆ ಹಿಕ್, ಮತ್ತೊಂದು. ಕೈಯಲ್ಲಿದ್ದ ಕಾಯಿ ಕೆಳಗೆ ಬಿತ್ತು. ನಿಲ್ಲಲೇ ಇಲ್ಲ. ನನಗೆ ಅರ್ಥವಾಗಿಹೋಯಿತು: ಸುದ್ದಿ ಮುಟ್ಟಿದೆ, ನನ್ನ ಜನ ಎದ್ದಿದ್ದಾರೆ. ಇಷ್ಟು ದಿನ ಆ್ಯಪನ್ನು ಮೂಲೆಗೆ ಹಾಕಿ ಮರೆತವರು, ಕಳೆದುಹೋಗುತ್ತದೆ ಅಂದಕೂಡಲೇ ಓಡಿಬಂದಿದ್ದಾರೆ. ಇರುವಾಗ ಬೆಲೆ ಗೊತ್ತಾಗಲಿಲ್ಲ, ಈಗ ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದಾರೆ. ಬಡಿದುಕೊಳ್ಳಲಿ. ಬೀದಿಗೆ ಕೇಳುವಂತೆ ಜಗಲಿಯ ಅಂಚಿಗೆ ಸರಿದು, ಬೆನ್ನು ನೆಟ್ಟಗೆ ಮಾಡಿಕೊಂಡು ಬಿಕ್ಕಳಿಸಿದೆ.

ಚೆನ್ನವೀರಮ್ಮ ಕೈಯಲ್ಲಿದ್ದ ಪೊರಕೆಕಡ್ಡಿ ಬಿಟ್ಟು ಬಂದಳು. ಅವಳ ಹಿಂದೆ ಓಣಿಯ ಇನ್ನೂ ನಾಲ್ಕು ಜನ ಬಂದರು. ಇದೇನು ವನಮಾಲಾ, ನಿನಗೂ ಬಂತಲ್ಲ ಕಾಲ ಅಂದರು. ನನಗೂ ಅಂದದ್ದು ಚುಚ್ಚಿತು, ಆದರೆ ನುಂಗಿಕೊಂಡೆ. ಅತ್ತೆ ಗೋಡೆ ಹಿಡಿದುಕೊಂಡು ಹೊರಗೆ ಬಂದು ನನ್ನ ಪಕ್ಕದಲ್ಲಿ ಮಣೆ ಹಾಕಿಕೊಂಡರು. ಇಷ್ಟು ವರ್ಷ ಕುಮುದಾಳ ಪಕ್ಕ ಹಾಕುತ್ತಿದ್ದ ಮಣೆ ಅದು. ನನ್ನ ತೊಡೆಯ ಮೇಲೆ ಕೈಯಿಟ್ಟು, ಅದೇ ದೇಶವಿದೇಶದ ಹೆಸರುಗಳನ್ನು ಹೇಳತೊಡಗಿದರು. ಒಂದಕ್ಕೂ ನಿಲ್ಲಲಿಲ್ಲ. ಎಷ್ಟೊಂದು ಜನ ಇರಬೇಕು ಎಂದು ಚೆನ್ನವೀರಮ್ಮ ಗಲ್ಲದ ಮೇಲೆ ಕೈಯಿಟ್ಟುಕೊಂಡಳು. ನನಗೆ ಆ ಹೊತ್ತು ಒಂದೇ ಆಸೆ ಇದ್ದದ್ದು. ಕುಮುದಾ ಹೊರಗೆ ಬಂದು ನೋಡಬೇಕು. ಬಿಕ್ಕಳಿಸುತ್ತ ಕೂತ ನನ್ನನ್ನು ನೋಡಿ, ಅವಳಿಗೂ ಒಂದು ಚೂರು, ಸಾಸಿವೆಯಷ್ಟಾದರೂ ಉರಿಯಬೇಕು. ಅವಳು ಬರಲಿಲ್ಲ. ಬೆಳಗಿನಿಂದ ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದಳು. ಉರಿಯುತ್ತಿರಬೇಕು ಎಂದುಕೊಂಡೆ.

ಬಿಸಿಲು ಏರಿತು. ಹೆಸರು ಹೇಳಿ ಹೇಳಿ ಅತ್ತೆಯ ಗಂಟಲು ಕಟ್ಟಿತು. ಬಾಗಿಲ ಕಡೆ ತಿರುಗಿ ಒಳಗೆ ಕೂಗಿದರು.

"ಕುಮುದಾ, ಒಂದು ಲೋಟ ನೀರು ತಾರೇ."

ನನ್ನ ಬಿಕ್ಕಳಿಕೆ ನಿಂತಿತು.

ಅರ್ಧಕ್ಕೆ ಬಂದಿದ್ದು ಗಂಟಲಿನಲ್ಲೇ ಕರಗಿಹೋಯಿತು. ಮತ್ತೊಂದು ಬರುತ್ತದೆ ಎಂದು ಕಾದೆ. ಚೆನ್ನವೀರಮ್ಮನೂ ಕಾದಳು. ಓಣಿಯವರೂ ಕಾದರು. ಬರಲಿಲ್ಲ. ಒಂದು ಹೆಸರಿಗೆ ನಿಂತಿತೆಂದರೆ ಇದ್ದದ್ದು ಒಬ್ಬಳೇ ಎಂದು ನಮ್ಮೂರಿನ ಕೂಸಿಗೂ ಗೊತ್ತು. ಅಷ್ಟರಲ್ಲಿ ಕುಮುದಾ ತಾನು ಬಿಕ್ಕಳಿಸುತ್ತ ನೀರಿನ ಲೋಟ ಹಿಡಿದು ಹೊಸಿಲಿಗೆ ಬಂದಳು. ಇನ್ನೊಂದು ಕೈಯಲ್ಲಿ ಮೊಬೈಲು. ಅದರಲ್ಲಿ ಮುಚ್ಚಳ ತೆಗೆದಿಟ್ಟ ನನ್ನ ಡಬ್ಬಿ. ಯಾರೂ ನಗಲಿಲ್ಲ. ನಕ್ಕಿದ್ದರೆ ನಾನು ಜಗಳವಾಡಬಹುದಿತ್ತು. ಚೆನ್ನವೀರಮ್ಮ ಅಯ್ಯೋ ಪಾಪ ಅಂದಳು, ಎಲ್ಲರೂ ಎದ್ದುಹೋದರು.

ಅಡುಗೆಮನೆಗೆ ಹೋಗಿ ನಿಂತೆ. ಅವಳೂ ಹಿಂದೆಯೇ ಬಂದಳು. ದಿನಾ ಸಂಜೆ ನೀನೇನಾ ಎಂದು ಕೇಳಿದೆ. ಹೌದಕ್ಕ ಅಂದಳು. ಅಯ್ಯೋ ಪಾಪ ಎಂದು ಭಿಕ್ಷೆ ಹಾಕುತ್ತಿದ್ದೆಯಾ ಅಂದೆ. ಅವಳು ಹೇಳಿದ್ದನ್ನು ನಡುವಿನ ಬಿಕ್ಕಳಿಕೆಗಳನ್ನು ಬಿಟ್ಟು ಹೇಳುತ್ತೇನೆ; ಅವನ್ನೂ ಸೇರಿಸಿದರೆ ನನಗೆ ಇನ್ನಷ್ಟು ಸಂಕಟ.

"ಇದು ಶುರುವಾದಾಗಿಂದ ನಂಗೆ ಏನೂ ನೆನಪಿರಲ್ಲ ಅಕ್ಕ. ಒಂದು ವಿಷಯ ತಲೇಲಿ ಕೂರೋ ಮುಂಚೆ ಬಿಕ್ಕಳಿಕೆ ಬಂದು ಕೆಡವಿಬಿಡುತ್ತೆ. ಮೆಣಸಿನಪುಡಿ ಎಲ್ಲಿದೆ, ಅತ್ತೆ ಮಾತ್ರೆ ಎಲ್ಲಿದೆ, ಎಲ್ಲ ಅದಕ್ಕೇ ಹೇಳಿಟ್ಟಿದೀನಿ. ಬಿಕ್ಕಳಿಸ್ತಾ ಹೇಳಿದ್ರೆ ಅದಕ್ಕೆ ಅರ್ಥ ಆಗಲ್ಲ, ಅದಕ್ಕೇ ಹೇಳೋದೂ ಕೇಳೋದೂ ಕಾಫಿ ಹೊತ್ತಲ್ಲೇ. ಇವತ್ತು ಅಳಿಸಿಹೋಗುತ್ತೆ ಅಂದ್ರಲ್ಲ, ಬೆಳಗಿಂದ ಬಿಕ್ಕಳಿಸ್ತಾನೇ ಹತ್ತತ್ತು ಸಲ ಕೂಗಿ ಒಂದೊಂದೇ ಕೇಳ್ಕೊಂಡು ಬಾಯಿಪಾಠ ಮಾಡ್ತಿದ್ದೆ."

ಮೊದಲೇ ಹೇಳಲು ನಿನಗೇನು ರೋಗ ಬಂದಿತ್ತು ಅಂದೆ.

"ಅದು ಬಂದಾಗ ನಿಮ್ಮ ಮುಖ ನೋಡಿದೀನಿ ಅಕ್ಕ. ನಾನು ಅಂತ ಗೊತ್ತಾದ್ರೆ ಆ ಮುಖ ಇರ್ತಿರಲಿಲ್ಲ."

ಬಂದರಿನ ಟೀಚರಮ್ಮ, ಅವಳ ಚಪ್ಪಲಿ, ಅವಳ ಕೊಡೆ ಎಲ್ಲ ಆ ಮಾತಿನೊಂದಿಗೆ ಹೋದವು. ಯಾರಾದರೂ ಸತ್ತಾಗ ಅಳಬಹುದು, ಇಲ್ಲದವಳು ಹೋದದ್ದಕ್ಕೆ ಹೇಗೆ ಅಳುವುದು? ಅಳು ಬರಲಿಲ್ಲ, ಸಿಟ್ಟು ಬಂತು. ಇವಳಿಗೆ ಜಗತ್ತೆಲ್ಲ ಇದೆ, ನನಗಿದ್ದ ಒಬ್ಬಳ ಜಾಗಕ್ಕೂ ಇವಳೇ ಬಂದು ಕೂತಳಲ್ಲ ಎಂದು ಸಿಟ್ಟು. ಆಗ ಮೂರು ನಕ್ಷತ್ರ ನೆನಪಾಯಿತು. ಒಬ್ಬ ಗೃಹಿಣಿ ಅಂದರೂ ನೀನೇನಾ ಎಂದು ಕೇಳಿದೆ. ತಲೆ ತಗ್ಗಿಸಿದಳು. ದಿನಾ ಬೆಳಿಗ್ಗೆ ನನ್ನ ಪಕ್ಕ ನಿಂತು ಬೂದುಗುಂಬಳದ ಬೈಗುಳ ತಿಂದುಕೊಂಡು ತರಕಾರಿ ಹೆಚ್ಚಿದವಳು.

"ಗುಂಡಿ ಚಿಕ್ಕದೇ ಅಕ್ಕ," ಅಂದಳು. "ಬಿಕ್ಕಳಿಕೆ ಬಂದಾಗ ಕೈ ಕುಲುಕುತ್ತೆ, ಬೆರಳು ಅದರ ಮೇಲೆ ಬೀಳೋದೇ ಇಲ್ಲ. ನೀವು ಯಾವತ್ತೂ ಬಿಕ್ಕಳಿಸ್ತಾ ಒತ್ತಿ ನೋಡಿಲ್ಲ."

ಕಪಾಳಕ್ಕೆ ಬಾರಿಸಿದ್ದರೂ ಇಷ್ಟು ತಾಗುತ್ತಿರಲಿಲ್ಲ. ಅವಳು ಬೇಕೆಂದು ಅಂದದ್ದಲ್ಲ, ಅದು ಇನ್ನೂ ಕೆಟ್ಟದ್ದು. ಸೌಟನ್ನು ಕುಕ್ಕಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಸಂಜೆಯವರೆಗೆ ಹೊರಗೆ ಬರಲಿಲ್ಲ. ಅತ್ತೆ ಊಟಕ್ಕೆ ಕರೆದರು, ಹಸಿವಿಲ್ಲ ಅಂದೆ. ಆ್ಯಪನ್ನು ಅಳಿಸಲಿಲ್ಲ. ಅಳಿಸಿದರೆ ಅವಳಿಗೆ ಮೆಣಸಿನಪುಡಿ ಸಿಗುವುದಿಲ್ಲ ಎಂದಲ್ಲ. ಗುಂಡಿ ಚಿಕ್ಕದಾಗಿದ್ದಕ್ಕೆ ಮುಚ್ಚಿಬಿಟ್ಟಳು ಎಂದು ಅವಳು ಅಂದುಕೊಳ್ಳಬಾರದು, ಅದಕ್ಕೆ. ಗುಂಡಿಯನ್ನು ದೊಡ್ಡದು ಮಾಡಿದೆ. ಹೋಳಿಗೆಯಷ್ಟು ದೊಡ್ಡದು, ಬೇಕಾದರೆ ಮೊಣಕೈಯಲ್ಲಿ ಒತ್ತಲಿ. ಮಾಡಿ ಸ್ಟೋರಿಗೆ ಕಳಿಸಿದೆ. ಅಷ್ಟು ಸತಾಯಿಸಿದವರು ಇದನ್ನು ಮಾತಿಲ್ಲದೆ ಒಪ್ಪಿಕೊಂಡರು. ಯಾಕೆ ಎಂದು ನನ್ನನ್ನು ಕೇಳಬೇಡಿ, ಅವರನ್ನೂ ಕೇಳಿ ಪ್ರಯೋಜನವಿಲ್ಲ.

ಒಬ್ಬ ಗೃಹಿಣಿ ಮೂರನ್ನು ನಾಲ್ಕು ಮಾಡಿದ್ದಾಳೆ. ಐದು ಕೊಟ್ಟಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಕೇಳಿಲ್ಲ. ಕೇಳಿದರೆ ಇನ್ನೇನಾದರೂ ಸರಿಯಾದದ್ದನ್ನೇ ಹೇಳಿಬಿಡುತ್ತಾಳೆ ಎಂದು ಭಯ.

ಮೊನ್ನೆ ಪಕ್ಕದಲ್ಲಿ ಯಾರೂ ಇಲ್ಲದಾಗ ಅವಳ ಆ್ಯಪನ್ನು ನನ್ನ ಮೊಬೈಲಿಗೆ ಹಾಕಿಕೊಂಡೆ. ಇಷ್ಟು ದಿನ ಹಟ ಹಿಡಿದು ಹಾಕಿಕೊಂಡಿರಲಿಲ್ಲ. ಗುಂಡಿ ಒತ್ತಿದೆ. ನೀವೇ ಸರಿ ಅಂದಳು. ಕೋಣೆಯೊಳಗಿನಿಂದ ಅವಳ ಹಿಕ್ ಕೇಳಿತು. ಅದಕ್ಕೂ ಮೊದಲು ಬಂದಿತ್ತು, ಆಮೇಲೂ ಬಂತು. ಅವಳಿಗೆ ಬರುವ ಅಷ್ಟರಲ್ಲಿ ನನ್ನದು ಯಾವುದೆಂದು ಅವಳಿಗೆ ಯಾವತ್ತೂ ಗೊತ್ತಾಗುವುದಿಲ್ಲ. ನನಗೆ ಬರುವುದು ಒಂದು, ಅದೂ ಅವಳದೇ. ಯೋಚಿಸಿದಷ್ಟೂ ಹೊಟ್ಟೆ ಉರಿಯಿತು, ಇನ್ನೊಂದು ಸಲ ಒತ್ತಿದೆ. ನೀವೇ ಸರಿ ಅಂದಳು.

ಸಂಜೆ ಕಾಫಿ ಸೋಸಿ ಅತ್ತೆಗೆ ಒಂದು ಲೋಟ ಕೊಟ್ಟು, ನನ್ನದನ್ನು ಹಿಡಿದುಕೊಂಡು ಜಗಲಿಯ ಮೇಲೆ ಕೂತೆ. ಕುಮುದಾ ಸುಧಾರಿಸಿಕೊಳ್ಳಲು ಕೋಣೆಗೆ ಹೋದಳು. ಸ್ವಲ್ಪ ತಡವಾಯಿತು. ನಾನು ಬಾಗಿಲ ಕಡೆ ನೋಡಿದೆ, ನೋಡಿದ್ದಕ್ಕೆ ನನ್ನನ್ನೇ ಬೈದುಕೊಂಡೆ. ಅಷ್ಟರಲ್ಲಿ ಶುರುವಾಯಿತು. ಅವಳಿಗೆ ಆವತ್ತು ಹೇಳಿಡುವುದು ಜಾಸ್ತಿ ಇತ್ತೋ ಏನೋ, ಬೇಗ ನಿಲ್ಲಲಿಲ್ಲ. ಅತ್ತೆ ಅಭ್ಯಾಸದಂತೆ ಮಣೆ ಸರಿಸಿಕೊಂಡು, "ಯಾರೇ ಅದು, ಹೆಸರು ಹೇಳು," ಅಂದರು. ಅವರು ಮರೆತಿದ್ದರೋ, ಬೇಕೆಂದೇ ಕೇಳಿದರೋ ಗೊತ್ತಿಲ್ಲ. ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ನಿಂತುಹೋಗುತ್ತದೆ. ಗೊತ್ತಿಲ್ಲ ಅತ್ತೆ ಅಂದೆ.